ಹಿರಿಯರೆಂದು ಕರೆಸಿದ ಮಾಸ್ತರರು

ಕೊರೊನಾ ಮುಗಿದ ಮರುವರ್ಷದ ಮಾತು. ನಾನು ಹಂಸಭಾವಿಯ ಈ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ದವಾಖಾನೆ, ಹರಕೆ, ಉಪವಾಸ ಎಲ್ಲ ಮುಗಿದಿದ್ದವು. ತಪಾಸಣೆಗೆ ಹೋದವಳು ಮಾತ್ರ ನಾನೊಬ್ಬಳೇ. ನನ್ನ ಗಂಡ ಬಸ್‌ಸ್ಟ್ಯಾಂಡಿನವರೆಗೆ ಬಂದು ಕೈಯಲ್ಲಿ ಬಾಳೆಹಣ್ಣು ಕೊಟ್ಟು ಹೊಲಕ್ಕೆ ಹೋಗುತ್ತಿದ್ದರು.

ನಮ್ಮ ಅತ್ತೆ ಕೆಟ್ಟವರಲ್ಲ. ಆದರೆ ಒಂದು ವಿಷಯ ಅವರ ತಲೆ ಹೊಕ್ಕರೆ ಮುಗಿಯಿತು, ಹೊರಗೆ ಬರುವುದಿಲ್ಲ. ಒಂದು ದಿನ ಶೇಂಗಾ ಸುಲಿಯುತ್ತ ಕುಳಿತಾಗ ಪ್ರೀತಿಯಿಂದಲೇ ಹೇಳಿದರು: "ನಿನ್ನ ತಂಗಿನ್ನ ಈ ಮನಿಗೆ ತಂದುಕೊಳ್ಳೂಣು. ಹೊರಗಿನಾಕಿ ಬಂದ್ರ ನಿನಗ ತ್ರಾಸ. ತಂಗಿ ಅಂದ್ರ ಅಕ್ಕನ್ನ ಕೈ ಬಿಡಂಗಿಲ್ಲ. ಇಬ್ರೂ ಕೂಡಿ ಇರ್ರಿ."

ತಂಗಿ ಆಗ ನನ್ನ ತವರು ಶಿಗ್ಗಾಂವದಲ್ಲಿ ಬಿ.ಕಾಂ. ಓದುತ್ತಿದ್ದಳು. ಎರಡನೇ ಮದುವೆಗೆ ಕಾನೂನು ಒಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ನಮ್ಮ ಕಡೆ ಇಂಥವು ಮನೆಯೊಳಗೇ ಹಾರ ಬದಲಾಯಿಸಿ ಆಗಿಹೋಗುತ್ತವೆ. ನಾನು ಗಂಡನ ಮುಖ ನೋಡಿದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆ ಮೌನಕ್ಕೆ ಬಂದಷ್ಟು ಸಿಟ್ಟು ನನಗೆ ಅತ್ತೆಯ ಮಾತಿಗೆ ಬಂದಿರಲಿಲ್ಲ.

ನನ್ನ ಅಪ್ಪನನ್ನು ಒಪ್ಪಿಸಲು ಹಿರಿಯರನ್ನು ಕೂಡಿಸಬೇಕಿತ್ತು. ಮಾವ ಊರಿನ ಇಬ್ಬರಿಗೆ ಹೇಳಿದರು. ಜೊತೆಗೆ ಹಿಂದಿನ ಓಣಿಯ ದೇವಪುತ್ರ ಮಾಸ್ತರರಿಗೂ ಹೇಳಿದರು. ಮಾಸ್ತರರು ಕ್ರೈಸ್ತರು. ಅರ್ಧ ಊರಿಗೆ, ನನ್ನ ಗಂಡನಿಗೂ, ಅಕ್ಷರ ಕಲಿಸಿ ನಿವೃತ್ತರಾದವರು. ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಅವರಿಗೂ ಮಕ್ಕಳಿರಲಿಲ್ಲ. ಅವರ ಹೆಂಡತಿ ಕರುಣಾ ಅಕ್ಕಾರನ್ನು ಓಣಿಯವರೆಲ್ಲ ಮಾತಾಡಿಸುತ್ತಿದ್ದರು, ಆದರೆ ಬಸುರಿಯರ ಕುಬಸಕ್ಕಾಗಲಿ ಕೂಸಿನ ತೊಟ್ಟಿಲಿಗಾಗಲಿ ಕರೆಯುತ್ತಿರಲಿಲ್ಲ. "ಮಕ್ಕಳಿಲ್ಲದ ಮನಿ ಹೆಂಗಿರತೈತಿ ಅನ್ನೋದನ್ನ ಮಾಸ್ತರ್ರೇ ಹೇಳ್ಲಿ" ಎಂಬುದು ಮಾವನ ಲೆಕ್ಕಾಚಾರ.

ಭಾನುವಾರ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಸೇರಿದರು. ಶಿಗ್ಗಾಂವದಿಂದ ಅಪ್ಪನೂ ಬಂದಿದ್ದ. ಮಾಸ್ತರರು ಅಕ್ಕಾರನ್ನೂ ಜೊತೆಗೆ ಕರೆತಂದರು. ಗಂಡಸರ ನಡುವೆ ಆಕೆಯನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಮಾವ ತಡವರಿಸಿದಾಗ ಮಾಸ್ತರರು ಜಮಖಾನೆಯ ಮೇಲೆ ಕೈ ತಟ್ಟಿ, "ಇಲ್ಲೇ ಬಾಜೂಕ ಕೂಡು" ಅಂದರು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು.

ಚಹಾ ಆದ ಮೇಲೆ ಮಾವ ಶುರುಮಾಡಿದರು. "ಮಾಸ್ತರ್ರ, ಈ ಕಷ್ಟ ನಿಮಗ ಬಿಡಿಸಿ ಹೇಳಬೇಕಾಗಿಲ್ಲ. ಆವಾಗ ನೀವು ಇನ್ನೊಂದು ಮದುವಿ ಮಾಡ್ಕೊಂಡಿದ್ರ, ಇವತ್ತ ಮನಿ ತುಂಬ ಮೊಮ್ಮಕ್ಕಳು ಇರತಿದ್ರು. ಅದನ್ನ ನಮ್ಮ ಬೀಗರಿಗೆ ಒಂದೀಟು ತಿಳಿಸಿ ಹೇಳ್ರಿ."

ಮಾಸ್ತರರು ಅಕ್ಕಾರ ಕಡೆ ನೋಡಿದರು. ಅಕ್ಕಾರು ಬೇಡ ಎಂಬಂತೆ ತಲೆಯಾಡಿಸಿದರು. ಆದರೂ ಮಾಸ್ತರರು ಹೇಳಿಯೇಬಿಟ್ಟರು.

"ದೋಷ ನನ್ನೊಳಗ ಇತ್ರಿ. ಮದುವ್ಯಾಗಿ ನಾಕು ವರ್ಷಕ್ಕ ದವಾಖಾನ್ಯಾಗ ಹೇಳಿದ್ರು. ಇನ್ನೊಂದು ಮಾಡ್ಕೊಂಡಿದ್ರ ಆ ಹುಡುಗಿನೂ ಹಿಂಗ ಬರಿಗೈಲೆ ಕುಂದರತಿದ್ಲು."

ನಮ್ಮ ಕಡೆ ಗಂಡಸು ನಾಲ್ಕು ಮಂದಿಯ ಎದುರು ಆಡುವ ಮಾತಲ್ಲ ಅದು.

"ಇಕಿ ಅಣ್ಣಂದಿರು ಬಂದು, 'ಅಂವನ್ನ ಬಿಟ್ಟು ಬಾ, ಬ್ಯಾರೆ ಮದುವಿ ಮಾಡತೇವಿ' ಅಂದ್ರು. ಇಕಿ ಹೋಗಲಿಲ್ಲ. 'ಸುಖದಾಗೂ ದುಃಖದಾಗೂ ಬಿಡಂಗಿಲ್ಲಂತ ದೇವರ ಮುಂದ ಮಾತು ಕೊಟ್ಟೇನಿ. ಮಕ್ಕಳಾದ್ರ ಮಾತ್ರ ಅಂತ ಹೇಳಿಲ್ಲ' ಅಂದ್ಲು. ಅವತ್ತಿನಿಂದ ಊರು ಇಕಿಗೇ ಬಂಜಿ ಅನ್ನಾಕತ್ತೈತಿ. ಒಂದ ಸಲನೂ ಇಕಿ ನನ್ನ ಕಡೆ ಬೆರಳು ತೋರಿಸಿಲ್ಲ. ನನಗೂ ಬಾಯಿ ಬಿಡಾಕ ನಾಚಿಕಿ. ಮಾತು ಇಬ್ರೂ ಕೊಟ್ಟಿದ್ವಿ, ಅದರ ಭಾರ ಹೊತ್ತಾಕಿ ಇಕಿ ಒಬ್ಬಾಕಿ."

ಅಕ್ಕಾರು ಸಿಟ್ಟಿಗೆದ್ದಿದ್ದರು. "ಈ ವಯಸ್ಸಿನ್ಯಾಗ ಅದನ್ನ ಡಂಗುರ ಹೊಡೀಬೇಕಿತ್ತೇನ್ರಿ?" ಎಂದು ಗೊಣಗಿ, ಮಾಸ್ತರರ ಕೈಯಲ್ಲಿದ್ದ ಖಾಲಿ ಕಪ್ಪನ್ನು ತೆಗೆದು ಬದಿಗಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

ಆಗ, ಹುಟ್ಟಿದಾಗಿನಿಂದ ತಮ್ಮ ಅಪ್ಪನ ಎದುರು ದನಿ ಎತ್ತದ ನನ್ನ ಗಂಡ ಮಾತಾಡಿದರು. "ಅಪ್ಪಾ, ಎಂಟು ವರ್ಷ ಈಕಿನ್ನ ಒಬ್ಬಾಕಿನ್ನ ದವಾಖಾನಿಗೆ ಕಳಿಸೇನಿ. ನಾ ಒಮ್ಮೆನೂ ತೋರಿಸಿಕೊಂಡಿಲ್ಲ. ನಾಳೆ ನಾನೂ ಹೋಗ್ತೇನಿ. ಅಲ್ಲಿ ಏನರ ಹೇಳ್ಲಿ, ಇನ್ನೊಂದು ಮದುವಿ ಬ್ಯಾಡ."

ಹಿರಿಯರಲ್ಲೊಬ್ಬರು ಕೆಮ್ಮಿ, ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದರು. ಸಭೆ ಅಲ್ಲಿಗೆ ಮುಗಿಯಿತು. ಅತ್ತೆ ಬಹಳ ದಿನ ಮಾಸ್ತರರೊಂದಿಗೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ದಿನ ತಾವೇ ಹೊಸ ಶೇಂಗಾ ಕಟ್ಟಿಕೊಂಡು ಅವರ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಿಲ್ಲ.

ತಂಗಿಗೆ ಈಗ ಸವಣೂರಿನಲ್ಲಿ ಕೆಲಸವಿದೆ. ಅವಳಿಗೆ ಇದೊಂದೂ ಗೊತ್ತಿಲ್ಲ, ಈ ಬರಹ ಓದಿದರೆ ಗೊತ್ತಾದೀತು. ಅಕ್ಕಾರನ್ನು ಕೇಳಿಯೇ ಬರೆದಿದ್ದೇನೆ. "ಹೆಸರು ಬದಲಿಸು, ನಮ್ಮನ್ನ ದೊಡ್ಡವರನ್ನಾಗಿ ಮಾಡಬ್ಯಾಡ" ಅಂದರು. ಹೆಸರು ಬದಲಿಸಿದ್ದೇನೆ. ಎರಡನೆಯದು ನನ್ನ ಕೈಯಲ್ಲಿಲ್ಲ. ಅವರು ತಮ್ಮ ಧರ್ಮದ ವಿಷಯ ನಮಗೆ ಎಂದೂ ಬೋಧಿಸಿದವರಲ್ಲ. ಆದರೆ ಗಂಡ ಹೆಂಡತಿ ಕೊಟ್ಟ ಮಾತು ಎಂದರೆ ಎಷ್ಟು ತೂಕದ್ದು ಎಂಬುದನ್ನು ನಾನು ನಮ್ಮದೇ ಪಡಸಾಲೆಯಲ್ಲಿ ಕಣ್ಣಾರೆ ಕಂಡೆ.

ಆ ಸಭೆಯ ಮರುದಿನ ನಾವು ಗಂಡ ಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ದವಾಖಾನೆಗೆ ಹೋದೆವು. ಡಾಕ್ಟರು ಏನು ಹೇಳಿದರೆಂದು ಊರಲ್ಲಿ ಈಗಲೂ ಕೇಳುತ್ತಾರೆ. ಅದು ನನ್ನ ಗಂಡನಿಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ನಾವು ಹೇಳಿಲ್ಲ, ಹೇಳುವುದೂ ಇಲ್ಲ.