ಅತ್ತೆಯ ಬಾಯಿ, ಗೀಸರಿನ ವಾಲ್ವು

ತೂಕಕ್ಕೆ ಹಾಕಿದರೆ ಅತ್ತೆ ಅರ್ಧ ಮೂಟೆಯೂ ಬರಲಾರರು. ಮಾತು ಮಾತ್ರ ಗೋದಾಮಿನಷ್ಟು, ಎಂದೂ ಖಾಲಿಯಾಗದ ಸರಕು. ಪಾತ್ರೆ ಅಂಗಡಿ ಇಟ್ಟಿದ್ದ ಅಳಿಯ ಮದುವೆಯಾದಾಗಿನಿಂದ ಅವರ ಬಾಯಿಗೊಂದು ಬೀಗ ಹುಡುಕುತ್ತಿದ್ದ. ಅಂಥ ಬೀಗ ಯಾವ ಪೇಟೆಯಲ್ಲೂ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿನ ಗೀಸರಿನ ವಾಲ್ವಿನಿಂದ ಬಿಸಿನೀರು ತೊಟ್ಟಿಕ್ಕತೊಡಗಿತು. ಅಳಿಯ ಬಾಟಲಿಯ ಬಿರಡೆಗೆ ಬಟ್ಟೆ ಸುತ್ತಿ, ವಾಲ್ವಿನ ಬಾಯಿಗೆ ತುರುಕಲೆಂದು ಸ್ಟೂಲ್ ಹತ್ತಿದ. ಅವನ ಪುಟ್ಟ ಮಗಳು ಸ್ನಾನಕ್ಕೆಂದು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಅತ್ತೆ ಬಂದವರೇ ಸ್ಟೂಲ್ ಹಿಡಿದುಕೊಂಡರು. "ಇಳೀರಿ ಅಳಿಯಂದ್ರೇ. ಒಳಗಿನ ಒತ್ತಡ ಹೊರಗೆ ಹೋಗಲಿ ಅಂತಲೇ ಆ ಬಾಯಿ ಇಟ್ಟಿರೋದು. ಮುಚ್ಚಿದ್ರೆ ಸಿಡಿಯತ್ತೆ."

"ನಿಮಗೆ ಹೇಗೆ ಗೊತ್ತು?"

"ನನ್ನನ್ನ ಒಂದಿನ ಸುಮ್ಮನೆ ಕೂರಿಸಿ ನೋಡಿ, ನಿಮಗೂ ಗೊತ್ತಾಗತ್ತೆ."

ಅಳಿಯ ನಗು ತಡೆಯಲಾರದೆ ಇಳಿದು ಸ್ವಿಚ್ ಆರಿಸಿದ. ಮಧ್ಯಾಹ್ನ ಬಂದ ಪ್ಲಂಬರ್, ಥರ್ಮೋಸ್ಟಾಟ್ ಕೆಟ್ಟು ನೀರು ಒಂದೇ ಸಮ ಕುದಿಯುತ್ತಿತ್ತು ಎಂದ. ಕಿಟಕಿಯ ಮೇಲಿದ್ದ ಬಿರಡೆ ನೋಡಿ, "ಇದನ್ನ ತುರುಕಿದ್ರೆ ಗೋಡೇನೇ ಇರ್ತಿರ್ಲಿಲ್ಲ ಸ್ವಾಮಿ" ಎಂದ.

ಅಳಿಯ ಈಗ ಬೀಗ ಹುಡುಕುವುದನ್ನು ಬಿಟ್ಟಿದ್ದಾನೆ. ಮನೆಯ ಗೋಡೆ, ಮಗಳ ಜೀವ, ಎರಡಕ್ಕೂ ಅವನು ಅತ್ತೆಗೆ ಋಣಿ.