ಬೂದಿ ಬೆರೆಸಿದ ಮಣ್ಣು

ನಮ್ಮ ಪಾಮನಕಲ್ಲೂರಿನಲ್ಲಿ ಜೋಳದ ಹಗೇವಿಗೆ ಇಳಿಯುವ ಮುನ್ನ ಕಂದೀಲು ಇಳಿಸಿ ನೋಡುವುದು ರೂಢಿ. ನೆಲದೊಳಗೆ ತೋಡಿದ ಈ ಕಣಜದ ಬಾಯಿ ಒಬ್ಬ ಮನುಷ್ಯ ತೂರುವಷ್ಟೇ ಅಗಲ, ಹೊಟ್ಟೆ ಮಾತ್ರ ದೊಡ್ಡದು. ಬಾಯಿಗೆ ಹಾಸುಗಲ್ಲು ಮುಚ್ಚಿ ಸೆಗಣಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ತೆರೆದ ದಿನ ಮಾತ್ರ ಒಳಗಿನ ಗಾಳಿ ಕೊಲ್ಲುತ್ತದೆ. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಜೋಳಕ್ಕೆ. ಮಣ್ಣಿಗೂ ಕಂದೀಲು ಇಳಿಸಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ, ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿ ಎಲ್ಲ ತಿಳಿದವನಂತೆ ಮೆರೆಯುತ್ತಿದ್ದ ನನ್ನ ತಲೆಗೂ.

ನಿಜಾಮರ ಆಳ್ವಿಕೆ, ಯುದ್ಧದ ಕಾಲ. ಹೊಲದಲ್ಲಿ ತೋಡುತ್ತಿದ್ದ ಬಾವಿಗೆ ಬಂಡೆ ಹತ್ತಿತ್ತು. ಅದನ್ನು ಸಿಡಿಸುವ ಮದ್ದು ಲಿಂಗಸುಗೂರಿನ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅಪ್ಪ ಹಟಮಾರಿ. ಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ಮನೆಯಲ್ಲೇ ತೆಗೆಯುತ್ತೇನೆಂದು ಹೊರಟ. ದನದ ಕೊಟ್ಟಿಗೆಯ ಹಳೆಯ ನೆಲ ಅಗೆಸಿದ. ಗಂಜಳ ಕುಡಿದು ಕುಡಿದು ಆ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟಿರುತ್ತದೆ. ನೀರು ಹಾಯಿಸಿ, ಸೋಸಿ, ಕಾಯಿಸಿದರೆ ಪಾತ್ರೆಯ ತಳದಲ್ಲಿ ಕೂಡುತ್ತದೆ. ನಮ್ಮದು ಗುಡ್ಡದ ಕೆಳಗಿನ ಕೆಂಪು ಮಣ್ಣು. ಅಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಗುಳಿ, "ಹುಳಿ ಐತಿ, ಬೂದಿ ಬೆರಸ್ರಿ" ಎಂದ. ತಾನೇ ಮುಂದೆ ನಿಂತು ಬುಟ್ಟಿಗಟ್ಟಲೆ ಒಲೆಯ ಬೂದಿ ಬೆರೆಸಿದ.

ಅಷ್ಟರಲ್ಲಿ ಮಳೆ ಹಿಡಿಯಿತು. ಉಪ್ಪು ಕೊಚ್ಚಿಹೋದೀತೆಂದು ಹೆದರಿ, ತೊಯ್ದ ಮಣ್ಣನ್ನು ಖಾಲಿ ಹಗೇವಿನ ತಳಕ್ಕೆ ಸುರಿಸಿ, ಬಾಯಿ ಮೆತ್ತಿಸಿಬಿಟ್ಟ. ಕಾಳೇ ಕೆಡದ ಜಾಗದಲ್ಲಿ ಮಣ್ಣು ಕೆಟ್ಟೀತೇ ಎಂಬುದು ಅವನ ಲೆಕ್ಕ.

ಮಳೆಗಾಲ ಕಳೆದ ಮೇಲೆ, ನಾನು ರಜೆಗೆ ಬಂದಾಗ, ಹಗೇವು ತೆರೆದೆವು. ಕಲ್ಲು ಒಡೆಯುವವರು ಬಂದು ಕೂತಿದ್ದರು, ತಡವಾದರೆ ಬೇರೆ ಊರಿಗೆ ಹೋಗುವವರು. ಅಪ್ಪನಿಗೆ ಅವಸರ. ಅವನ ತಮ್ಮ, ನನ್ನ ಕಾಕಾ, ಧೋತರ ಎತ್ತಿ ಕಟ್ಟಿ, "ಮಣ್ಣು ತರಾಕ ಹೊಂಟೀನಿ, ಬಂಗಾರ ಅಲ್ಲ, ಹಂಗ್ಯಾಕ ನೋಡ್ತೀರಿ?" ಎಂದು ನಗಿಸುತ್ತ ಹಗ್ಗ ಹಿಡಿದು ಇಳಿದ. ಅವನ ಹಿಂದೆ ನಾನು ಬುಟ್ಟಿ ಇಳಿಬಿಟ್ಟೆ. "ಎಳಿ" ಎಂಬ ಕೂಗಿಗೆ ಕಾಯುತ್ತ ನಿಂತೆ. ಕೂಗು ಬರಲಿಲ್ಲ.

"ಕಾಕಾ!" ಎಂದೆ. ಇನ್ನೊಮ್ಮೆ ಕೂಗಿದೆ. ಒಳಗೆ ಕತ್ತಲೆ, ಸದ್ದಿಲ್ಲ. ನಾನು ಎರಡೂ ಕಾಲು ಹಗೇವಿನೊಳಗೆ ಬಿಟ್ಟೆ. ಹಿಂದಿನಿಂದ ಯಾರೋ ನನ್ನ ಸೊಂಟ ತಬ್ಬಿ ದಡಕ್ಕನೆ ನೆಲಕ್ಕೆ ಕೆಡವಿದರು. ಕಾಕಿ, ಕಾಕಾನ ಹೆಂಡತಿ.

"ಇಳಿಬ್ಯಾಡೋ! ಒಬ್ಬರ ಹಿಂದ ಒಬ್ಬರು ಹೋಗ್ತೀರಿ! ಕಂಬಳಿ ತರ್ರಿ, ಗಾಳಿ ಆಡಸ್ರಿ!"

"ಬಿಡು ಅವನ್ನ!" ಅಪ್ಪ ಚೀರಿದ. "ನಿನ್ನ ಗಂಡ ಒಳಗ ಬಿದ್ದಾನ!"

ಆಕೆ ಬಿಡಲಿಲ್ಲ. ನಾನು ಕೊಸರಿದೆ, ಬೈದೆ, ಮೊಣಕೈಯಿಂದ ತಿವಿದೆ. ಅಂಥ ಸಣ್ಣ ಹೆಂಗಸಿಗೆ ಆ ಬಲ ಎಲ್ಲಿಂದ ಬಂತೋ. ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ, ಗಾಳಿ ಆಡಿಸಿದರು. ಕಂದೀಲು ಬಿಟ್ಟರು, ಆರಿತು. ಮತ್ತೆ ಬಿಟ್ಟರು, ಮತ್ತೆ ಆರಿತು. ಕೊನೆಗೆ ಉರಿಯಿತು. ಆಗ ಆಕೆ ನನ್ನನ್ನು ಬಿಟ್ಟಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದೆ. ಕಾಕಾ ಬುಟ್ಟಿಯ ಮೇಲೆ ಬೋರಲು ಬಿದ್ದಿದ್ದ. ಮೈ ಬೆಚ್ಚಗಿತ್ತು, ಜೀವ ಇರಲಿಲ್ಲ.

ಪೊಲೀಸ್ ಠಾಣೆಯ ಅಮೀನ್ ಸಾಹೇಬರು ಬಂದು ಉರ್ದುವಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ಹೋದರು. ಊರಿನವರ ಪ್ರಶ್ನೆ ಮುಗಿಯಲಿಲ್ಲ. ಗಂಡನನ್ನು ಉಳಿಸಲು ಹೊರಟವನನ್ನು ಹಿಡಿದು ನಿಲ್ಲಿಸಿದವಳು ಎಂಬ ಹೆಸರು ಆಕೆಗೆ ಅಂಟಿತು. ಅಪ್ಪ ಆಕೆಯ ಜೊತೆ ಮಾತು ಬಿಟ್ಟ. ಅವ್ವ ಬಡಿಸಿದರೆ ಉಂಡ, ಕಾಕಿ ಬಡಿಸಿದರೆ ಹಸಿದು ಎದ್ದ. ಆ ಮಣ್ಣನ್ನು ಸೋಸಿ ಕಾಯಿಸಿದಾಗ ಪೆಟ್ಲುಪ್ಪು ಇಲ್ಲವೇ ಇಲ್ಲವೆನ್ನುವಷ್ಟು ಬಂತು. ಮಳೆಗೆ ಸಿಗದಂತೆ ಮುಚ್ಚಿಟ್ಟದ್ದು ಎಲ್ಲಿ ಹೋಯಿತು? ಆ ಸಿಟ್ಟಿನಲ್ಲೇ ನಾನು ಮಣ್ಣಿನ ಓದಿಗೆ ಬಿದ್ದೆ.

ಓದಿದ ಮೇಲೆ ತಿಳಿಯಿತು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ತೇವದ ಮಣ್ಣನ್ನು ಗಾಳಿಯಾಡದಂತೆ ಮುಚ್ಚಿದರೆ ಮೊದಲು ಇದ್ದ ಪ್ರಾಣವಾಯುವನ್ನು ಮುಗಿಸುತ್ತವೆ, ಆಮೇಲೆ ಪೆಟ್ಲುಪ್ಪಿನೊಳಗಿನದನ್ನು ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಅನಿಲವಾಗಿ ಮೇಲೇಳುತ್ತದೆ. ನಮ್ಮ ಉಪ್ಪು ಗಾಳಿಯಾಗಿ ಹೋಗಿತ್ತು. ಮಣ್ಣು ಹುಳಿಯಿದ್ದರೆ ಈ ಜೀವಿಗಳು ಮಂದವಾಗುತ್ತವೆ, ಕೆಲಸವನ್ನು ಅರ್ಧಕ್ಕೇ ಬಿಟ್ಟು ಬೇರೊಂದು ಅನಿಲವನ್ನು ಹೆಚ್ಚು ಬಿಡುತ್ತವೆ. ಬೂದಿ ಬಿದ್ದು ಹುಳಿ ಮುರಿದರೆ ಚುರುಕಾಗಿ ಕೆಲಸ ಪೂರೈಸುತ್ತವೆ, ಒಳಗಿನ ಪ್ರಾಣವಾಯುವೂ ಬೇಗ ಮುಗಿಯುತ್ತದೆ.

ಊರಿಗೆ ಬಂದವನು ಒಂದು ಸಂಜೆ ಅಪ್ಪನ ಎದುರು ಕೂತು, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಾಕಿಗೂ ಕೇಳುವಂತೆ ಇದನ್ನೆಲ್ಲ ಹೇಳಿದೆ. ಬೆರೆಸಿದವನು ಅವನೇ ಆದ್ದರಿಂದ ಬೂದಿಯ ಮಾತು ಮಾತ್ರ ಬಿಟ್ಟೆ. "ಕಾಕಿ ಹಿಡಿದಿರಲಿಲ್ಲ ಅಂದ್ರ ಎರಡು ಹೆಣ ಬೀಳ್ತಿದ್ವಪ್ಪ. ಒಳಗ ಉಸಿರಾಡಾಕ ಗಾಳಿನೇ ಇರಲಿಲ್ಲ."

ರೊಟ್ಟಿಯ ಸದ್ದು ನಿಂತಿತು.

"ಆ ಜೀವಿಗಳಿಗೆ ಹುಳಿ ಆಗತೈತೇನು?" ಎಂದು ಅಪ್ಪ ಕೇಳಿದ.

ಮಣ್ಣನ್ನು ನಾಲಿಗೆಯಿಂದ ಬಲ್ಲವನಿಗೆ ಸುಳ್ಳು ಹೇಳುವುದು ಹೇಗೆ? "ಅಷ್ಟು ಆಗಂಗಿಲ್ಲ" ಎಂದೆ.

"ಬೂದಿ ಹಾಕಿರಲಿಲ್ಲ ಅಂದ್ರ?"

"ನಿಧಾನ ಮಾಡತಿದ್ವು. ಆದರ ಮಾಡೇ ಮಾಡತಿದ್ವು."

"ಎಷ್ಟು ನಿಧಾನ?"

ಅವನ ತಮ್ಮ ಬದುಕುವಷ್ಟು ನಿಧಾನವೋ ಅಲ್ಲವೋ, ಯಾವ ಓದೂ ಅದನ್ನು ಹೇಳಿರಲಿಲ್ಲ. ಕಾಕಿ ಹೊಸ್ತಿಲು ದಾಟಿ ಬಂದು ರೊಟ್ಟಿಯ ಗಂಗಾಳವನ್ನು ತಾನೇ ಅವನ ಮುಂದೆ ಇಟ್ಟಳು.

"ನಾ ಕೈಯಾರ ಬೆರಸೀನವ್ವಾ" ಎಂದ ಅಪ್ಪ. ಆಕೆಯೊಂದಿಗೆ ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು. ಮುರಿದ ರೊಟ್ಟಿಯನ್ನು ಗಂಗಾಳದಲ್ಲೇ ಇಟ್ಟ.

"ಉಣ್ರಿ ಬಾವನೋರ" ಎಂದು ಕಾಕಿ ಅಲ್ಲೇ ನಿಂತಳು, ಅವನು ಉಂಡು ಮುಗಿಸುವವರೆಗೂ.