ಎರಡು ಬತ್ತಿಯ ಫಿಲ್ಟರ್

ಸಿಂಧನೂರಿನ ಪಾತ್ರೆ ಅಂಗಡಿಯಲ್ಲಿ, ಹತ್ತು ಜನರ ಎದುರಿಗೆ, ನನ್ನ ಗಂಡ ನನ್ನ ಕೆನ್ನೆಗೆ ಬಾರಿಸಿದ. ನಾನು ಮಾಡಿದ ತಪ್ಪೆಂದರೆ ‘ಮೂರು’ ಎಂದದ್ದು.

ನೀರಿನ ಫಿಲ್ಟರ್ ಕೊಳ್ಳಲು ಹೋಗಿದ್ದೆವು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಲುವೆ ನೀರು ಕುಡಿದು ನಮ್ಮ ನಾಲ್ಕು ವರ್ಷದ ಮಗಳಿಗೆ ವಾಂತಿಭೇದಿಯಾಗಿ, ಕಣ್ಣು ಗುಳಿಬಿದ್ದು, ಎರಡು ದಿನ ಸಲೈನ್ ಏರಿಸಿಕೊಂಡು ಹೇಗೋ ಉಳಿದಿದ್ದಳು. ಡಾಕ್ಟರು ನನ್ನನ್ನೇ ನೋಡಿ, “ಇನ್ನೊಮ್ಮೆ ಹಿಂಗಾತಂದ್ರ ಈ ಕೂಸು ತಡಿಯಂಗಿಲ್ಲ. ನೀರು ಕಾಸಿ ಕುಡಸ್ರಿ, ಇಲ್ಲಾ ಫಿಲ್ಟರ್ ತಗೊಳ್ರಿ” ಎಂದಿದ್ದರು. ಕಾಸಿ ಆರಿಸಿದ ನೀರನ್ನು ಗಂಡ ಒಂದು ಗುಟುಕು ಕುಡಿದು ಉಗುಳಿದ. ಸಪ್ಪಗಿದೆ ಎಂದು ಚೊಂಬನ್ನೇ ನನ್ನತ್ತ ಬೀಸಿದ. ಹುಬ್ಬು ಒಡೆಯಿತು. ಅಲ್ಲಿಗೆ ಕಾಸುವುದು ಮುಗಿದು ಫಿಲ್ಟರಿನ ಮಾತು ಬಂತು.

ಅಂಗಡಿಯಲ್ಲಿ ಎರಡು ಸ್ಟೀಲ್ ಫಿಲ್ಟರುಗಳಿದ್ದವು. ಒಂದರ ಮೇಲೊಂದು ಕೂಡಿಸಿದ ಎರಡು ಪಾತ್ರೆ. ಮೇಲಿನದರಲ್ಲಿ ಮೇಣದಬತ್ತಿಯಂಥ ಬಿಳಿ ಪಿಂಗಾಣಿ ಬತ್ತಿಗಳು, ಕೆಳಗಿನದಕ್ಕೆ ನಲ್ಲಿ. ಮೇಲೆ ಸುರಿದ ನೀರು ಬತ್ತಿಯೊಳಗಿಂದ ಸೋಸಿ ಹನಿಹನಿಯಾಗಿ ಕೆಳಗಿಳಿಯಬೇಕು. ಒಂದಕ್ಕೆ ಎರಡು ಬತ್ತಿ, ಇನ್ನೊಂದಕ್ಕೆ ಮೂರು. ಎರಡು ಬತ್ತಿಯದರ ಹೊಟ್ಟೆಯ ಸುತ್ತ ಕಮಲದ ಹೂವಿನ ಚಿತ್ತಾರವಿತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು. ಗಂಡನ ಕೈ ಆಗಲೇ ಅದರ ಮೇಲಿತ್ತು.

“ಕಾಲುವಿ ನೀರಿಗೆ ಮೂರಿಂದು ಛಲೋ ರೀ ಅಕ್ಕಾರ. ಎರಡರಾಗ ರಾಡಿ ಕಟ್ಟಿಕೊಂಡ್ರ ನೀರು ಇಳಿಯಂಗಿಲ್ಲ” ಎಂದರು ಅಂಗಡಿಯವರು.

“ಹಂಗಾರ ಮೂರಿಂದೇ ತಗೊಳ್ಳೋಣ” ಎಂದೆ.

ಕೆನ್ನೆ ಉರಿಯಿತು. “ಮಂದಿ ಮುಂದ ನನ್ನ ಮಾತಿನ ಮ್ಯಾಲ ಮಾತಾಡ್ತಿಯೇನಲೇ?” ಎಂದ ಗಂಡ. ಅಂಗಡಿಯಲ್ಲಿದ್ದವರೆಲ್ಲ ತಟ್ಟನೆ ತಟ್ಟೆ ಲೋಟಗಳನ್ನು ಪರೀಕ್ಷಿಸತೊಡಗಿದರು. ಅವನು ಅಲ್ಲಿಯೇ ನಿಂತು ಎರಡು ಬತ್ತಿಯದರ ಮೇಲೆ ತನ್ನ ಹೆಸರು ಕೊರೆಸಿದ. ನಮ್ಮ ಕಡೆ ಹೆಸರು ಬಿದ್ದ ಪಾತ್ರೆ ಮದುವೆಯಾದ ಹೆಣ್ಣಿದ್ದ ಹಾಗೆ, ವಾಪಸ್ ತಗೊಳ್ಳುವವರಿಲ್ಲ. ಆ ಯಂತ್ರ ಕರಕರ ಎಂದು ಅಕ್ಷರ ಕೊರೆಯುವಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಯಂತ್ರ ಕಸಿದುಕೊಂಡು ಅವನ ಹಣೆಯ ಮೇಲೇ ಅವನ ಹೆಸರು ಬರೆಯಬೇಕು ಅನ್ನಿಸಿತು.

ಮಸ್ಕಿಯ ನನ್ನ ತವರಲ್ಲಿ ಸವಳು ನೀರು ಕುಡಿದು ಬೆಳೆದವಳು ನಾನು, ಬಾಯಿಯೂ ಹಾಗೆಯೇ ಎಂದು ಅತ್ತೆ ಆಡಿಕೊಳ್ಳುತ್ತಿದ್ದಳು. ಅತ್ತೆಯ ಎಡಗಾಲಿನ ಮೀನಖಂಡದ ಮೇಲೆ ಸುಟ್ಟಂಥ ಒಂದು ಕಲೆ ಇತ್ತು. ಹರೆಯದಲ್ಲಿ ಬಾವಿ ನೀರಿನಿಂದ ನಾರುಹುಣ್ಣಾಗಿ, ಕಾಲಿನಿಂದ ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ ಸುತ್ತಿ ದಿನಕ್ಕೊಂದು ಬೆರಳಷ್ಟು ಎಳೆದು ತೆಗೆದಿದ್ದರಂತೆ. ಹುಳು ಹರಿದರೆ ಕಾಲೇ ಹೋಗುತ್ತಿತ್ತಂತೆ. ಹಾಗಾಗಿ ನೀರೆಂದರೆ ಅವಳಿಗೆ ಭಯವಿತ್ತು. ಮಗನೆಂದರೆ ಇನ್ನೂ ಹೆಚ್ಚು ಭಯವಿತ್ತು. ಅದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಗಂಡ ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ. ಮಧ್ಯಾಹ್ನ ಊಟಕ್ಕೆ ಬರುವಾಗ ಗಂಟಲ ತುಂಬ ತೌಡಿನ ಧೂಳು. ಬಂದವನೇ ನಿಂತಲ್ಲೇ ಎರಡು ಚೊಂಬು ನೀರು ಕುಡಿಯಬೇಕು. ಮೊದಲ ಎರಡು ತಿಂಗಳು ಎಲ್ಲ ಸರಿಯಿತ್ತು. ಮಗಳಿಗಂತೂ ನಲ್ಲಿಯೆಂದರೆ ಹಿಗ್ಗು. ತಾನೇ ತಿರುವಿ, ತಾನೇ ಲೋಟ ಹಿಡಿದು, ತಾನೇ ಕುಡಿಯುವುದು. ಅವಳ ಕೆನ್ನೆ ತುಂಬಿಕೊಳ್ಳುವುದನ್ನು ನೋಡಿ ಒಂದು ಹೊಡೆತದ ಮೇಲೆ ಇಷ್ಟು ಸಿಕ್ಕಿತಲ್ಲ ಎಂದುಕೊಂಡೆ.

ಮಳೆಗಾಲದಲ್ಲಿ ಕಾಲುವೆಗೆ ಹೊಸ ನೀರು ಬಿಟ್ಟರು. ಕೆಂಪು ನೀರು, ರಾಡಿ. ಬತ್ತಿಗಳನ್ನು ದಿನಕ್ಕೆರಡು ಸಲ ಬ್ರಷ್ಷಿನಿಂದ ತಿಕ್ಕಿದರೂ ಗಂಟೆಯೊಳಗೆ ಅಂಟು ಕಟ್ಟಿಕೊಳ್ಳುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಚೊಂಬು ಇಳಿದರೆ ಹೆಚ್ಚು. ಅದನ್ನು ಮಗಳು ಕುಡಿದು ಮುಗಿಸಿರುತ್ತಿದ್ದಳು. ಮೊದಲ ದಿನ ಗಂಡ ನಲ್ಲಿ ತಿರುವಿದ, ನೀರು ಬರಲಿಲ್ಲ. “ಹಗಲೆಲ್ಲ ಏನ ಮಾಡ್ತಿಯಲೇ ಮನ್ಯಾಗ?” ಎಂದು ಜಡೆ ಹಿಡಿದು ಗೋಡೆಗೆ ಗುದ್ದಿದ. ಎರಡನೇ ದಿನ ಚಪ್ಪಲಿ. ಕೊಡದಲ್ಲಿದ್ದ ನೀರು ಕೊಡಲು ಹೋದರೆ, “ಹೆಸರು ಹಾಕ್ಸಿ ತಂದದ್ದು ನೋಡಾಕೇನು?” ಎಂದು ಮತ್ತೊಂದು. ಮೂರನೇ ದಿನ ಒಲೆಯ ಮುಂದಿನ ಊದುಗೊಳವೆ ಎತ್ತಿಕೊಂಡ. ಬಲಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಾಲ್ಕನೇ ದಿನ, ಅವನು ಬರುವ ಹೊತ್ತಿಗೆ ಸ್ವಲ್ಪ ಮುಂಚೆ, ಮೇಲಿನ ಪಾತ್ರೆಯನ್ನು ಎತ್ತಿಟ್ಟೆ. ಕೊಡದ ನೀರನ್ನು ಸೆರಗಿನಲ್ಲಿ ಸೋಸಿ ನೇರವಾಗಿ ಕೆಳಗಿನ ಪಾತ್ರೆಗೆ ಸುರಿದೆ. ಅವನೊಬ್ಬನಿಗೆ ತಾನೇ, ಕುಡಿದು ಸಾಯಲಿ ಎಂದುಕೊಂಡೆ. ಸುಳ್ಳೇಕೆ, ಹಾಗೆಯೇ ಅಂದುಕೊಂಡೆ. ಮಗಳಿಗೆ ಕಾಸಿದ ನೀರು ಬೇರೆ ಚೊಂಬಿನಲ್ಲಿ ಮುಚ್ಚಿಟ್ಟಿದ್ದೆ. ಗಂಡ ಗಟಗಟ ಕುಡಿದು, “ಈಗ ನೋಡು, ಹ್ಯಾಂಗ ಬರ್ತೈತಿ!” ಎಂದು ಮೀಸೆ ಒರೆಸಿಕೊಂಡ. ಅಂದು ಹೊಡೆತವಿಲ್ಲ. ಮರುದಿನವೂ ಸುರಿದೆ. ಎಂಟು ದಿನ ಸುರಿದೆ. ಕೊನೆಕೊನೆಗೆ ಸೋಸುವುದನ್ನೂ ಬಿಟ್ಟೆ. ರಾಡಿ ತಳಕ್ಕಿಳಿದು ನಲ್ಲಿಯಲ್ಲಿ ತಿಳಿಯಾಗಿಯೇ ಬರುತ್ತಿತ್ತು.

ನಾಲ್ಕು ವರ್ಷದ ಕೂಸಿಗೆ ಮುಚ್ಚಿಟ್ಟ ಚೊಂಬು ಬೇಕೋ, ತಿರುವುವ ನಲ್ಲಿ ಬೇಕೋ? ಇದು ಯಾವ ತಾಯಿಗೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ. ಗಂಡನ ಕೈಯೊಂದರ ಮೇಲೇ ಕಣ್ಣಿಟ್ಟು ಕುಳಿತವಳಿಗೆ ಮಗಳ ಕೈ ಎಲ್ಲಿ ಕಾಣಬೇಕು.

ಸುರಿಯತೊಡಗಿದ ಒಂಬತ್ತನೇ ದಿನ ಬೆಳಿಗ್ಗೆ ಮಗಳಿಗೆ ವಾಂತಿ ಶುರುವಾಯಿತು. ಹತ್ತು ಗಂಟೆಗೆ ಅವಳ ಕಣ್ಣು ಮತ್ತೆ ಗುಳಿಬಿದ್ದವು. ದವಾಖಾನೆಯಲ್ಲಿ ಡಾಕ್ಟರು ನನ್ನೊಂದಿಗೆ ಮಾತಾಡಲೇ ಇಲ್ಲ, ನರ ಹುಡುಕುತ್ತಿದ್ದರು. ಎರಡೂ ಕೈಯಲ್ಲಿ ಸಿಗದೆ ಕಾಲಿಗೆ ಚುಚ್ಚಿದರು.

ಗಂಡ ಮನೆಗೆ ಹೋಗಿ ಫಿಲ್ಟರನ್ನು ಹೆಗಲ ಮೇಲೆ ಹೊತ್ತು ನೇರ ಪಾತ್ರೆ ಅಂಗಡಿಗೆ ನುಗ್ಗಿದನಂತೆ. “ನನ್ನ ಮಗಳನ್ನ ಕೊಂದೆಲ್ಲೋ!” ಎಂದು ಅಂಗಡಿಯವರ ಮೂಗಿಗೆ ಗುದ್ದಿದನಂತೆ. ಅವರು ರಕ್ತ ಒರೆಸಿಕೊಳ್ಳುತ್ತಲೇ ಕೆಳಗಿನ ಪಾತ್ರೆಯನ್ನು ಬಿಚ್ಚಿ ಅವನ ಮುಂದೆ ಹಿಡಿದರಂತೆ. ತಳದಲ್ಲಿ ಬೆರಳು ದಪ್ಪ ಕೆಂಪು ರಾಡಿ. ಬತ್ತಿ ದಾಟಿ ಬಂದ ನೀರಲ್ಲಿ ರಾಡಿ ಇರುವುದಿಲ್ಲ.

ಅವನು ದವಾಖಾನೆಗೆ ಬಂದ. ನಾನು ಮತ್ತು ಅತ್ತೆ ಮಂಚದ ಎರಡು ಬದಿಗೆ ಕುಳಿತಿದ್ದೆವು. “ಕೆಳಗ ನೀರು ಸುರಿದವ್ರು ಯಾರು?” ಎಂದ. ದನಿ ಸಣ್ಣಗಿತ್ತು. ಆ ದನಿ ನನಗೆ ಗೊತ್ತು. ಊರೆಲ್ಲ ಕೇಳುವಂತೆ ಜಗಳವಾಡುತ್ತಿದ್ದ ನನ್ನ ಸವಳು ಬಾಯಿ ತೆರೆಯಲೇ ಇಲ್ಲ.

“ನಾ” ಎಂದಳು ಅತ್ತೆ.

ಅವನು ತಾಯಿಗೆ ಹೊಡೆದ. ಮೊದಲ ಹೊಡೆತಕ್ಕೆ ಮುದುಕಿ ಸ್ಟೂಲಿನಿಂದ ಕೆಳಗೆ ಬಿದ್ದಳು. ಎರಡನೆಯದಕ್ಕೆ ತುಟಿ ಸೀಳಿತು. ಕಂಪೌಂಡರ್ ಓಡಿಬಂದು ಅವನನ್ನು ಹೊರಗೆ ದಬ್ಬಿದ. ಇಷ್ಟೂ ಹೊತ್ತು ನಾನು ಮಗಳ ಕಾಲು ಹಿಡಿದು ಕುಳಿತೇ ಇದ್ದೆ. ಅಬ್ಬ, ನನಗೆ ಬೀಳಲಿಲ್ಲ ಎಂದುಕೊಂಡೆ. ಜೀವನದಲ್ಲಿ ನಾನು ತಿಂದ ಎಲ್ಲ ಏಟುಗಳಿಗಿಂತ ಹೆಚ್ಚಾಗಿ ಆ ಒಂದು ಸಮಾಧಾನಕ್ಕೆ ಇವತ್ತಿಗೂ ನಾಚುತ್ತೇನೆ.

ಸಂಜೆಗೆ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಉಳಿದಳು. ಅತ್ತೆ ದವಾಖಾನೆಯ ಸ್ಟೋವಿನ ಮೇಲೆ ಕಾಸಿ ಆರಿಸಿದ ನೀರಿನ ಲೋಟ ತಂದಳು. ತುಟಿ ಊದಿ ಅರ್ಧ ಮುಖ ನೀಲಿಯಾಗಿತ್ತು. ನನಗೆ ತಡೆಯಲಾಗಲಿಲ್ಲ.

“ಅತ್ತಿ, ಸುರಿದಾಕಿ ನಾನು.”

“ಗೊತ್ತೈತಿ” ಎಂದಳು. “ಮೊದ್ಲ ದಿನದಿಂದ ನೋಡಾಕತ್ತೀನಿ. ಕೂಸು ಆ ನಲ್ಲಿಗೆ ಬಾಯಿ ಹಚ್ಚಿದ್ದೂ ನೋಡೀನಿ. ಹೇಳಿದ್ರ ಅಂವ ನಿನ್ನ ಕೊಲ್ತಾನ ಅಂತ ಸುಮ್ಮ ಕುಂತೆ.” ಲೋಟವನ್ನು ನನ್ನ ಕೈಗಿಟ್ಟು, “ಆ ಪೆಟ್ಟು ನಿಂದಂತ ತಿಂದಿಲ್ಲವ್ವಾ. ನಂದು ನಾ ತಿಂದೀನಿ” ಎಂದಳು.